ಆಟಿಕೆ ತುಂಬಿದ ಮನೆಯ ಮಗುವಿಗೆ ಉಡುಗೊರೆ ಆರಿಸುವುದು ಹೇಗೆ?

ಮೂರರಿಂದ ಐದು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆ ಹೊರಟಿದ್ದೀರಿ. ಆ ಮನೆಯ ಹಾಲ್‌ನಲ್ಲಿ ಈಗಾಗಲೇ ಎರಡು ಬುಟ್ಟಿ ಕಾರುಗಳಿವೆ, ಸೋಫಾದ ಹಿಂದೆ ಟೆಡ್ಡಿ ಬೇರ್‌ಗಳ ರಾಶಿ ಇದೆ, ಮಂಚದ ಕೆಳಗೆ ರೆಕ್ಕೆ ಮುರಿದ ಹೆಲಿಕಾಪ್ಟರ್ ಬಿದ್ದಿದೆ. ಇಂಥ ಮನೆಗೆ ಇನ್ನೊಂದು ಆಟಿಕೆ ಒಯ್ದರೆ ಅದರ ಆಯಸ್ಸು ಹೆಚ್ಚೆಂದರೆ ಆ ಸಂಜೆಯ ತನಕ. ಬಳಸಿ ಮುಗಿಯುವ ಸಾಮಾನು, ಅಥವಾ ಇರುವ ಆಟಕ್ಕೆ ಜೊತೆಯಾಗುವ ಸಾಮಾನು ಒಯ್ದರೆ ಮಗು ವಾರಗಟ್ಟಲೆ ಅದರಲ್ಲಿ ಮುಳುಗಿರುತ್ತದೆ. ಆರಿಸುವಾಗ ಈ ಒಂದು ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಒಂದು ಫೋನ್ ಮಾಡಿ

"ಮಗೂಗೆ ಏನು ತರಲಿ?" ಎಂದು ಕೇಳಿದರೆ "ಅಯ್ಯೋ, ಏನೂ ಬೇಡ, ನೀವು ಬಂದ್ರೆ ಸಾಕು" ಎಂಬ ಉತ್ತರವೇ ಸಿಗುವುದು. ಪ್ರಶ್ನೆಯನ್ನೇ ಬದಲಿಸಿ. ಈ ವಾರ ಮಗು ಯಾವುದನ್ನು ಹಿಡಿದುಕೊಂಡು ಹೆಚ್ಚು ಹೊತ್ತು ಕೂತಿತ್ತು? ಜೋಡಿಸುವ ಬ್ಲಾಕ್ ಇದ್ದರೆ ಯಾವ ಕಂಪನಿಯದು, ಎಷ್ಟು ದೊಡ್ಡದು? ಬಣ್ಣ, ನೀರು, ಮಣ್ಣಿನ ಆಟಕ್ಕೆ ಬಾಲ್ಕನಿಯೋ ಹಿತ್ತಲೋ ಇದೆಯೇ? ಮನೆಯಲ್ಲಿ ಮೂರು ವರ್ಷ ತುಂಬದ ಇನ್ನೊಂದು ಮಗು ಓಡಾಡುತ್ತದೆಯೇ? ಕೊನೆಯ ಪ್ರಶ್ನೆಯನ್ನು ಮರೆಯಲೇಬೇಡಿ. ಅಕ್ಕನಿಗೆ ಕೊಟ್ಟದ್ದು ತಮ್ಮನ ಬಾಯಿಗೆ ಹೋಗುತ್ತದೆ.

"ಬೇಡ" ಎಂದು ಅಮ್ಮ ಹೇಳಿದ್ದು ಏನೇ ಇರಲಿ, ಅದನ್ನು ತರಬೇಡಿ. ಸದ್ದು ಮಾಡುವ ಆಟಿಕೆ, ಬಂದೂಕು, ಮಿನುಗು ಪುಡಿ, ದೊಡ್ಡ ಟೆಡ್ಡಿ ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುತ್ತವೆ. ಮಗುವಿಗೆ ಧೂಳಿನ ಅಲರ್ಜಿ ಅಥವಾ ಉಬ್ಬಸ ಇದ್ದರೆ ಮೆತ್ತನೆಯ ಗೊಂಬೆ ಒಯ್ಯುವುದು ತಪ್ಪೇ.

ಬಳಸಿ ಮುಗಿಯುವ ಸಾಮಾನು

ಚಿತ್ರ ಬರೆಯುವ ಸಾಮಾನು ಎಂದ ಕೂಡಲೇ ಅಂಗಡಿಯವರು 48 ಬಣ್ಣದ ದೊಡ್ಡ ಪೆಟ್ಟಿಗೆ ತೋರಿಸುತ್ತಾರೆ. ಅದು ಬೇಡ. ಅದರೊಳಗಿನ ಕ್ರೇಯಾನ್‌ಗಳು ಸಪೂರ, ಮೂರು ವರ್ಷದ ಮುಷ್ಟಿ ಹಿಡಿತಕ್ಕೆ ಮೊದಲ ದಿನವೇ ತುಂಡಾಗುತ್ತವೆ. ಬೆರಳಿನಷ್ಟು ದಪ್ಪದ 12 ಬಣ್ಣ ಸಾಕು. ಅದಕ್ಕಿಂತ ಮುಖ್ಯ ಕಾಗದ. ಬಣ್ಣ ಎಲ್ಲರೂ ಕೊಡುತ್ತಾರೆ, ಕಾಗದ ಯಾರೂ ಕೊಡುವುದಿಲ್ಲ. ಹಾಗಾಗಿಯೇ ಮಗು ಗೋಡೆಗೆ ಹೋಗುವುದು. ಜೆರಾಕ್ಸ್‌ಗೆ ಬಳಸುವ 75 ಜಿಎಸ್‌ಎಮ್ (ಕಾಗದದ ತೂಕದ ಅಳತೆ, ಹೆಚ್ಚಿದಷ್ಟೂ ಹಾಳೆ ದಪ್ಪ) ಹಾಳೆ ಕ್ರೇಯಾನ್‌ಗೆ ಸರಿ, ನೀರು ಬಣ್ಣ ಬಿದ್ದರೆ ಮುದುಡಿ ಹರಿಯುತ್ತದೆ. ನೀರು ಬಣ್ಣ ಕೊಡುವುದಾದರೆ ಕನಿಷ್ಠ 120 ಜಿಎಸ್‌ಎಮ್‌ನ ಎ3 ಅಳತೆಯ ಡ್ರಾಯಿಂಗ್ ಪುಸ್ತಕ ಕೊಡಿ. ಜೊತೆಗೆ ಐದಾರು ಚಾರ್ಟ್ ಪೇಪರ್ ಸುರುಳಿ, ಎರಡು ಅಂಟಿನ ಕಡ್ಡಿ. ಒಂದು ಅಂಟಿನ ಕಡ್ಡಿ ಒಂದೇ ಮಧ್ಯಾಹ್ನಕ್ಕೆ ಮುಗಿದುಹೋಗಬಹುದು, ಅದಕ್ಕೇ ಎರಡು.

ಕತ್ತರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅಪಾಯವಿಲ್ಲ ಎಂದು ಪೂರ್ತಿ ಪ್ಲಾಸ್ಟಿಕ್ಕಿನ ಕತ್ತರಿ ಕೊಂಡರೆ ಅದು ಕಾಗದ ಕತ್ತರಿಸುವುದಿಲ್ಲ, ಮಡಚಿ ಹಾಕುತ್ತದೆ; ಮಗು ಸಿಟ್ಟಾಗಿ ಎಸೆಯುತ್ತದೆ. ತುದಿ ದುಂಡಗಿರುವ, ಅಲಗು ಲೋಹದ್ದಾಗಿರುವ ಚಿಕ್ಕ ಕತ್ತರಿ ಆರಿಸಿ. ಮಗು ಎಡಗೈ ಬಳಸುತ್ತಿದ್ದರೆ ಎಡಗೈ ಕತ್ತರಿಯನ್ನೇ ಕೇಳಿ ತನ್ನಿ, ಬಲಗೈ ಕತ್ತರಿಯಲ್ಲಿ ಅದಕ್ಕೆ ಕತ್ತರಿಸುವ ಗೆರೆ ಕಾಣುವುದಿಲ್ಲ.

ಆಟದ ಹಿಟ್ಟನ್ನು ಮನೆಯಲ್ಲೇ ಮಾಡಿ ಕೊಡಬಹುದು. ಮೈದಾ 2 ಕಪ್, ಪುಡಿ ಉಪ್ಪು 1 ಕಪ್, ನೀರು 2 ಕಪ್, ನಿಂಬೆರಸ 4 ದೊಡ್ಡ ಚಮಚ, ಎಣ್ಣೆ 2 ದೊಡ್ಡ ಚಮಚ. ಎಲ್ಲವನ್ನೂ ಗಂಟಿಲ್ಲದೆ ಕಲಸಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ನಾಲ್ಕೈದು ನಿಮಿಷಕ್ಕೆ ಮುದ್ದೆಯಾಗಿ ತಳ ಬಿಡುತ್ತದೆ. ತಣ್ಣಗಾದ ಮೇಲೆ ನಾದಿ, ನಾಲ್ಕು ಉಂಡೆ ಮಾಡಿ ಅರಿಸಿನ, ಬೀಟ್‌ರೂಟ್ ರಸ, ಪಾಲಕ್ ರಸ ಬೆರೆಸಿ. ಒಂದು ಉಂಡೆ ಬಿಳಿಯೇ ಇರಲಿ. ಅಂಟುತ್ತಿದ್ದರೆ ಬೇಯಿಸಿದ್ದು ಸಾಲದು, ಮತ್ತೆ ಎರಡು ನಿಮಿಷ ಬಾಣಲೆಗೆ ಹಾಕಿ. ಪುಡಿ ಉದುರಿದರೆ ಹೆಚ್ಚು ಬೆಂದಿದೆ, ಕೈಗೆ ಎಣ್ಣೆ ಸವರಿ ನಾದಿ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ವಾರ ಬರುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು, ಕಾರವಾರದ ಕಡೆ, ಉಪ್ಪು ಗಾಳಿಯ ತೇವ ಎಳೆದುಕೊಂಡು ಹಿಟ್ಟು ಬೇಗ ನೀರೊಡೆಯುತ್ತದೆ. ಅಲ್ಲಿಗೆ ಅರ್ಧ ಅಳತೆ ಸಾಕು. ಇದರಲ್ಲಿ ಉಪ್ಪು ಬಹಳ ಇರುವುದರಿಂದ ತಿನ್ನುವಂಥದ್ದಲ್ಲ ಎಂದು ಡಬ್ಬಿಯ ಮೇಲೆ ಬರೆಯಿರಿ. ಅರಿಸಿನದ ಉಂಡೆ ಬಟ್ಟೆಗೆ ಕಲೆ ಮಾಡುತ್ತದೆ, ಹಳೆಯ ಅಂಗಿಯೊಂದನ್ನು ಜೊತೆಗಿಡಿ.

ದೊಡ್ಡವರ ಕೆಲಸ, ಮಗುವಿನ ಅಳತೆಯಲ್ಲಿ

ಪ್ಲಾಸ್ಟಿಕ್ ಅಡುಗೆ ಸೆಟ್ ಎರಡು ಇರುವ ಮನೆಯಲ್ಲೂ ನಿಜವಾದ ಚಿಕ್ಕ ಲಟ್ಟಣಿಗೆ ಮತ್ತು ಮಣೆ ಇರುವುದಿಲ್ಲ. ಪಾತ್ರೆ ಅಂಗಡಿಯಲ್ಲಿ ಕೇಳಿದರೆ ಆರೇಳು ಇಂಚಿನ ಮಣೆ ಸಿಗುತ್ತದೆ. ಅದು, ಚಿಕ್ಕ ಮೊರ, ಗಿಡ್ಡ ಹಿಡಿಯ ಪೊರಕೆ ಇವೆಲ್ಲ ಮಗುವಿಗೆ ಆಟಿಕೆಗಿಂತ ದೊಡ್ಡ ಸಂಭ್ರಮ, ಏಕೆಂದರೆ ಅವುಗಳಿಂದ ಕೆಲಸ ನಡೆಯುತ್ತದೆ. ಅದು ಲಟ್ಟಿಸಿದ ಸೊಟ್ಟ ಚಪಾತಿ ನಿಜವಾಗಿಯೂ ತಟ್ಟೆಗೆ ಬೀಳುತ್ತದೆ.

ನಾಲ್ಕು ವರ್ಷದ ಮಗುವಿಗೆ ನಾವು ಎಲ್ಲಕ್ಕಿಂತ ಮೊದಲು ಸೂಚಿಸುವುದು ಅಂಗಡಿ ಆಟದ ಬುಟ್ಟಿ. ಒಂದು ಬೆತ್ತದ ಅಥವಾ ಬಿದಿರಿನ ಬುಟ್ಟಿ ತೆಗೆದುಕೊಳ್ಳಿ. ಸ್ಟೇಷನರಿ ಅಂಗಡಿಯಿಂದ ಕಾರ್ಬನ್ ಸಮೇತ ಒಂದು ಬಿಲ್ ಪುಸ್ತಕ, ಸ್ಟ್ಯಾಂಪ್ ಪ್ಯಾಡ್, ಮಗುವಿನ ಹೆಸರಿನ ರಬ್ಬರ್ ಸ್ಟ್ಯಾಂಪ್, ನಾಲ್ಕು ಚಿಕ್ಕ ಬಟ್ಟೆ ಚೀಲ, ಒಂದು ಆಟದ ತಕ್ಕಡಿ ಹಾಕಿ. ಸ್ಟ್ಯಾಂಪ್ ಮಾಡಿಸಲು ಒಂದೆರಡು ದಿನ ಬೇಕು, ಮುಂಚೆಯೇ ಕೊಡಿ. ತಕ್ಕಡಿಯಲ್ಲಿ ತೂಗಲು ನಿಂಬೆಹಣ್ಣು, ಈರುಳ್ಳಿ, ಆಲೂಗಡ್ಡೆ ಇರಲಿ. ಹುಣಸೆಬೀಜ, ಕಡಲೆ, ಅವರೆಕಾಳು ಬೇಡ: ಈ ವಯಸ್ಸಿನ ಮಕ್ಕಳು ಕಾಳನ್ನು ಮೂಗಿಗೂ ಕಿವಿಗೂ ತುರುಕಿಕೊಳ್ಳುತ್ತಾರೆ. ಮನೆಯಲ್ಲಿರುವ ಕಾರು, ಗೊಂಬೆ, ಪ್ಲಾಸ್ಟಿಕ್ ತರಕಾರಿ ಎಲ್ಲವೂ ಈ ಅಂಗಡಿಯ ಸರಕಾಗುತ್ತವೆ. ಹಳೆಯ ರಾಶಿಗೆ ಹೊಸ ಜೀವ ಬರುತ್ತದೆ.

ಬಾಲ್ಕನಿ ಇದ್ದರೆ ಮೆಂತ್ಯದ ಕುಂಡ. ಎಂಟು ಇಂಚು ಅಗಲದ, ತಳದಲ್ಲಿ ತೂತಿರುವ ಮಣ್ಣಿನ ಕುಂಡ, ಸಮಪಾಲು ಮಣ್ಣು ಮತ್ತು ಗೊಬ್ಬರ ಬೆರೆಸಿದ ಚೀಲ, ಎರಡು ಚಮಚ ಮೆಂತ್ಯ, ನೀರು ಚಿಮುಕಿಸುವ ಬಾಟಲಿ. ಕಾಳನ್ನು ರಾತ್ರಿ ನೆನೆಸಿ, ಬೆಳಗ್ಗೆ ಚೆಲ್ಲಿ, ಮೇಲೆ ಅರ್ಧ ಇಂಚು ಮಣ್ಣು ಹಾಕಬೇಕು. ಮೂರು ನಾಲ್ಕು ದಿನಕ್ಕೆ ಮೊಳಕೆ, ಮೂರು ವಾರ ಕಳೆದರೆ ಕೊಯ್ಲು. ಕೊತ್ತಂಬರಿ ಕೊಡಬೇಡಿ, ಅದು ಮೇಲೆ ಬರಲು ವಾರ, ಹತ್ತು ದಿನ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಮಗು ಮಣ್ಣನ್ನು ಕೆದಕಿ ನೋಡಿರುತ್ತದೆ. ಚೊಂಬಿನಲ್ಲಿ ನೀರು ಸುರಿದರೆ ಕಾಳು ಕೊಳೆಯುತ್ತದೆ, ಅದಕ್ಕೇ ಚಿಮುಕಿಸುವ ಬಾಟಲಿ. ಹಳೆಯ ಮೆಂತ್ಯ ಮೊಳೆಯದಿರಬಹುದು, ಕೊಡುವ ಮುನ್ನ ಒಂದು ಚಮಚ ನೆನೆಸಿ ಪರೀಕ್ಷಿಸಿ.

ಆಟಿಕೆಯನ್ನೇ ಕೊಡಬೇಕೆಂದಿದ್ದರೆ

ಇರುವುದಕ್ಕೆ ಸೇರುವಂಥದ್ದನ್ನು ಕೊಡಿ. ರೈಲಿನ ಸೆಟ್ ಇದ್ದರೆ ಇನ್ನೊಂದು ರೈಲು ಬೇಡ, ಹಳಿ ಮತ್ತು ಸೇತುವೆ ಕೊಡಿ. ಬ್ಲಾಕ್ ಇದ್ದರೆ ಅದೇ ಬ್ಲಾಕ್ ಇನ್ನೊಂದು ಪೆಟ್ಟಿಗೆ. ಮನೆ ಕಟ್ಟಲು ಹೊರಟ ಮಗುವಿಗೆ ಎಂದೂ ಬ್ಲಾಕ್ ಸಾಲುವುದಿಲ್ಲ. ಆದರೆ ಅಳತೆ ಹೊಂದಬೇಕು. ಚಿಕ್ಕ ಮಕ್ಕಳ ಡುಪ್ಲೊ ಬ್ಲಾಕ್ ಸಾಮಾನ್ಯ ಲೆಗೋಗಿಂತ ಉದ್ದ, ಅಗಲ, ಎತ್ತರದಲ್ಲಿ ಎರಡರಷ್ಟಿದೆ. ಬೇರೆ ಕಂಪನಿಯವು ನೋಡಲು ಒಂದೇ ಥರ ಇದ್ದರೂ ಸಡಿಲವಾಗಿಯೋ ತೀರಾ ಬಿಗಿಯಾಗಿಯೋ ಕೂರುತ್ತವೆ. ಮನೆಯಲ್ಲಿರುವ ಬ್ಲಾಕಿನ ಫೋಟೊ ತರಿಸಿಕೊಂಡೇ ಅಂಗಡಿಗೆ ಹೋಗಿ.

ಬೆಂಗಳೂರು–ಮೈಸೂರು ಹಾದಿಯಲ್ಲಿ ಓಡಾಡುವವರಿಗೆ ಚನ್ನಪಟ್ಟಣದ ಗೊಂಬೆಗಳು ಹತ್ತಿರ. ಆಲೆ ಮರವನ್ನು ಕಡೆದು, ಯಂತ್ರದಲ್ಲಿ ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆದ್ದರಿಂದ ಅಸಲಿ ಗೊಂಬೆಯ ಮೈಮೇಲೆ ಬ್ರಷ್ ಗೆರೆ ಇರುವುದಿಲ್ಲ, ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದರೆ ಬಣ್ಣ ಬಿಡಬಾರದು. ಬಿಡುವುದಾದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಆಟಿಕೆ ಹೆಚ್ಚಿರುವ ಮಗುವಿಗೆ ಅಲ್ಲಿನ ಬುಗುರಿ, ಎಳೆದಾಡುವ ಗಾಡಿಗಿಂತ ಬೇರೆ ಬೇರೆ ಆಕಾರದ ಕಟ್ಟಿಗೆ ತುಂಡುಗಳ ಸೆಟ್ ಒಳ್ಳೆಯದು. ಅದು ಮನೆಯೂ ಆಗುತ್ತದೆ, ಇಡ್ಲಿಯೂ ಆಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಅರಗು ಮೆತ್ತಗಾಗುತ್ತದೆ, ನೀರಲ್ಲಿ ನೆನೆಸಿದರೆ ಮರ ಬಿರುಕು ಬಿಡುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

2021ರ ಜನವರಿಯಿಂದ ಭಾರತದಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಪೆಟ್ಟಿಗೆಯ ಮೇಲೆ ಗುರುತಿನ ಜೊತೆ "ಸಿಎಂ/ಎಲ್" ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ, ಅದನ್ನು ಈ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ನೋಂದಾಯಿತ ಕರಕುಶಲಿಗರಿಗೂ ಜಿಐ (ಊರಿನ ಹೆಸರಿಗೆ ಅಂಟಿದ ಸಾಮಾನಿಗೆ ಸಿಗುವ ಭೌಗೋಳಿಕ ಗುರುತು) ಮಾನ್ಯತೆಯ ಅಧಿಕೃತ ತಯಾರಕರಿಗೂ ಇದರಿಂದ ವಿನಾಯಿತಿ ಇದೆ. ಹಾಗಾಗಿ ಚನ್ನಪಟ್ಟಣದ ಗೊಂಬೆಗೆ ಐಎಸ್‌ಐ ಇಲ್ಲವೆಂದು ಗಾಬರಿಯಾಗಬೇಕಿಲ್ಲ. ಜಾತ್ರೆಯಲ್ಲಿ ಸಿಗುವ ಹೆಸರಿಲ್ಲದ ಪ್ಲಾಸ್ಟಿಕ್ಕಿಗೆ ಈ ವಿನಾಯಿತಿ ಇಲ್ಲ.

ಇವು ಬೇಡವೇ ಬೇಡ

ಗುಂಡಿಯಂಥ ಬ್ಯಾಟರಿ ಇದ್ದು ಅದರ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಯಾವುದನ್ನೂ ಕೊಡಬೇಡಿ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡುತ್ತದೆ. ವಾಂತಿ ಮಾಡಿಸಲು ಹೋಗದೆ ಸೀದಾ ಆಸ್ಪತ್ರೆಗೆ ಓಡಬೇಕು. ಬಿಡಿ ಬಿಡಿಯಾದ ಚಿಕ್ಕ ಅಯಸ್ಕಾಂತಗಳೂ ಅಷ್ಟೇ: ಎರಡು ನುಂಗಿದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದು ಒಂದಕ್ಕೊಂದು ಅಂಟಿ ತೂತು ಮಾಡುತ್ತವೆ. ನೀರಲ್ಲಿ ಉಬ್ಬುವ ಬಣ್ಣದ ಜೆಲ್ ಮಣಿಗಳು ಹೊಟ್ಟೆಯೊಳಗೂ ಉಬ್ಬುತ್ತವೆ.

ಮೂರರೊಳಗಿನ ಮಗು ಮನೆಯಲ್ಲಿದ್ದರೆ ಅಳತೆ ನೋಡಿ. ಸುರಕ್ಷತಾ ಪರೀಕ್ಷೆಯ ಕೊಳವೆಯ ವ್ಯಾಸ 31.7 ಮಿಲಿಮೀಟರ್, ಅದರೊಳಗೆ ಪೂರ್ತಿ ಹಿಡಿಸುವ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್. ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಿದ್ದರೂ ಅಪಾಯವೇ ಎಂದು ಲೆಕ್ಕ ಹಾಕಿ. ಚೌಕಾಬಾರದ ಕವಡೆ, ಅಳಗುಳಿ ಮಣೆಯ ಹುಣಸೆಬೀಜ ಈ ಲೆಕ್ಕದಲ್ಲಿ ಬರುತ್ತವೆ. ಐದು ವರ್ಷದ ಮಗುವಿಗೆ ಎಣಿಕೆ ಕಲಿಸಲು ಅವು ಬಹಳ ಚೆನ್ನ, ಆದರೆ ದೊಡ್ಡವರು ಜೊತೆಗೆ ಕೂತಾಗ ಮಾತ್ರ.

ಪುಸ್ತಕ, ಸೈಕಲ್, ಸುತ್ತಾಟ

ಕನ್ನಡ ಚಿತ್ರಪುಸ್ತಕಗಳು ಅಗ್ಗ. ಪ್ರಥಮ್ ಬುಕ್ಸ್‌ನ ತೆಳು ಪುಸ್ತಕಗಳು ನೂರು ರೂಪಾಯಿಯೊಳಗೇ ಸಿಗುತ್ತವೆ, ಓದಿನ ಹಂತವನ್ನು ಹಿಂಬದಿಯಲ್ಲಿ ಮುದ್ರಿಸಿರುತ್ತಾರೆ. ಈ ವಯಸ್ಸಿಗೆ ಒಂದು, ಎರಡನೇ ಹಂತ ಸಾಕು. ಪುಟಕ್ಕೆ ಎರಡು ಮೂರು ಸಾಲಿಗಿಂತ ಹೆಚ್ಚಿದ್ದರೆ ಮೂರು ವರ್ಷದ ಮಗು ಪುಟ ತಿರುವಿಬಿಡುತ್ತದೆ. ಹೊರದೇಶದಲ್ಲಿರುವ ಮೊಮ್ಮಗುವಿಗೆ ಕಳಿಸುವುದಾದರೆ ಅಜ್ಜಿಯೋ ತಾತನೋ ಅದೇ ಪುಸ್ತಕವನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಕಳಿಸಿ, ಪುಟ ತಿರುವುವ ಕಡೆ ಗಂಟೆ ಬಾರಿಸಿ.

ನಾಲ್ಕೈದು ಮಂದಿ ನೆಂಟರು ಸೇರಿ ಸೈಕಲ್ ಕೊಡಬಹುದು. ಮೂರು ನಾಲ್ಕು ವರ್ಷಕ್ಕೆ 12 ಇಂಚು, ಐದರ ಹತ್ತಿರಕ್ಕೆ 14 ಇಂಚಿನ ಗಾಲಿ. ಸೀಟು ಪೂರ್ತಿ ಇಳಿಸಿದಾಗ ಎರಡೂ ಪಾದ ನೆಲಕ್ಕೆ ಚಪ್ಪಟೆಯಾಗಿ ಊರಬೇಕು. "ಮುಂದಿನ ವರ್ಷಕ್ಕೂ ಬರಲಿ" ಎಂದು ದೊಡ್ಡದು ಕೊಂಡರೆ ಮಗು ಹೆದರುತ್ತದೆ, ಸೈಕಲ್ ಪಾರ್ಕಿಂಗ್‌ನಲ್ಲೇ ತುಕ್ಕು ಹಿಡಿಯುತ್ತದೆ.

ಸುತ್ತಾಟ ಉಡುಗೊರೆಯಾಗುವುದು ದಿನ ಗೊತ್ತಾಗಿದ್ದರೆ ಮಾತ್ರ. ಮೂರು ವರ್ಷಕ್ಕೆ "ಮುಂದಿನ ತಿಂಗಳು" ಎಂಬುದು ಅರ್ಥವಾಗದು. ಒಂದು ವಾರದೊಳಗಿನ ದಿನ ಗೊತ್ತುಮಾಡಿ, ಚೀಟಿಯಲ್ಲಿ ಆನೆಯ ಚಿತ್ರ ಬರೆದು, ದಿನಕ್ಕೊಂದರಂತೆ ಗೀಟು ಹಾಕಲು ಮನೆಗಳನ್ನು ಬರೆದುಕೊಡಿ. ಮೈಸೂರು ಮೃಗಾಲಯಕ್ಕೂ ಬನ್ನೇರುಘಟ್ಟಕ್ಕೂ ಮಂಗಳವಾರ ರಜೆ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಎರಡು ಗಂಟೆಯಲ್ಲಿ ಮುಗಿಸಿ. ಆಮೇಲೆ ನಡೆಯುವುದು ಮಗುವಲ್ಲ, ಹೊರುವುದು ನೀವು. ಕಬ್ಬನ್ ಪಾರ್ಕಿನ ಬಾಲಭವನ, ಮೈಸೂರಿನ ರೈಲ್ವೆ ಮ್ಯೂಸಿಯಂ ಈ ವಯಸ್ಸಿಗೆ ಹೇಳಿ ಮಾಡಿಸಿದ ಜಾಗಗಳು. ತಾರಾಲಯದ ಕತ್ತಲೆಗೆ ಮಾತ್ರ ಆರು ವರ್ಷವಾಗಲಿ.

ಕೊಡುವ ಹೊತ್ತು

ಕೇಕ್ ಕತ್ತರಿಸಿದ ಗಲಾಟೆಯಲ್ಲಿ ಹದಿನೈದು ಪೊಟ್ಟಣದ ನಡುವೆ ನಿಮ್ಮದನ್ನೂ ಇಡಬೇಡಿ. ಸಾಧ್ಯವಾದರೆ ಮರುದಿನ ಬೆಳಗ್ಗೆ ಕೊಟ್ಟು ಅರ್ಧ ಗಂಟೆ ಜೊತೆಗೆ ಕೂತು ಮೊದಲ ಬಿಲ್ ಬರೆಯಿಸಿ, ಮೊದಲ ಮೆಂತ್ಯ ಚೆಲ್ಲಿಸಿ. ಬ್ಯಾಟರಿ ಬೇಕಾದ ಸಾಮಾನಾಗಿದ್ದರೆ ಬ್ಯಾಟರಿ ಹಾಕಿಯೇ ಒಯ್ಯಿರಿ.

ಬಂದ ಉಡುಗೊರೆ ಅತಿಯಾದರೆ ಹೆತ್ತವರು ಅರ್ಧವನ್ನು ಅಟ್ಟಕ್ಕೆ ಏರಿಸಬಹುದು. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷದ ಆಸುಪಾಸಿನ 36 ಮಕ್ಕಳನ್ನು ಒಮ್ಮೆ 4 ಆಟಿಕೆಗಳ ಜೊತೆ, ಇನ್ನೊಮ್ಮೆ 16ರ ಜೊತೆ ಬಿಟ್ಟು ನೋಡಿದ್ದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದ್ದರು. ಮನೆಯಲ್ಲಿ ಇದನ್ನು ಮಾಡಲು ಮೂರು ರಟ್ಟಿನ ಪೆಟ್ಟಿಗೆ ಸಾಕು: ಪ್ರತಿಯೊಂದರಲ್ಲೂ ಕಟ್ಟುವ ಒಂದು ಆಟ, ನಟಿಸುವ ಒಂದು ಆಟ, ಓಡಿಸುವ ಒಂದೆರಡು ಸಾಮಾನು ಹಾಕಿ, ಎರಡು ವಾರಕ್ಕೊಮ್ಮೆ ಪೆಟ್ಟಿಗೆ ಬದಲಿಸಿ. ಮಲಗುವಾಗ ತಬ್ಬಿಕೊಳ್ಳುವ ಗೊಂಬೆಯನ್ನು ಮಾತ್ರ ಎಂದೂ ಅಟ್ಟಕ್ಕೆ ಹಾಕಬೇಡಿ, ಮಗು ಹೆಸರು ಹಿಡಿದು ಕೇಳಿದ ಆಟಿಕೆಯನ್ನು ಆಗಲೇ ಇಳಿಸಿಕೊಡಿ.