ಪಡಸಾಲೆಯ ಗೋಡೆಗೆ ಕಡುನೀಲಿ ಬಳಿಯುವ ಬಗೆ

ಕಳೆದ ಎರಡು ಬೇಸಿಗೆಗಳಲ್ಲಿ ವಿಜಯಪುರದ ನಮ್ಮ ಬಂಧುಬಳಗದ ಮೂರು ಮನೆಗಳಲ್ಲಿ ಪಡಸಾಲೆಗೆ ಕಡುನೀಲಿ ಬಳಿಸಿದರು. ಮೂರರಲ್ಲಿಯೂ ಗೋಡೆಯ ಮೇಲೆ ಪಟ್ಟೆಗಳು ಉಳಿದವು. ತಿಳಿಬಣ್ಣ ಬಳಿಯುವ ರೂಢಿಯಲ್ಲಿಯೇ ಇದನ್ನೂ ಬಳಿದದ್ದು ಅದಕ್ಕೆ ಕಾರಣ. ತಿಳಿಬಣ್ಣದಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಪುಡಿ ಹೇರಳವಾಗಿದ್ದು, ಅದೇ ಗೋಡೆಯ ಕೊರತೆಗಳನ್ನು ಮುಚ್ಚುತ್ತದೆ. ಕಡುನೀಲಿಯಲ್ಲಿ ಆ ಪುಡಿ ಬಹಳ ಕಡಿಮೆ, ಆದ್ದರಿಂದ ಅಡಿಯಲ್ಲಿರುವ ಕಲೆಯೂ ಕೈಯ ಎಳೆತವೂ ಹಾಗೆಯೇ ಎದ್ದು ಕಾಣುತ್ತವೆ.

ಬಾಗಿಲಿಗೆ ಎದುರಾಗಿರುವ ಒಂದೇ ಗೋಡೆಯನ್ನು ಆರಿಸಿಕೊಳ್ಳಿ. ಉಳಿದ ಮೂರಕ್ಕೂ ಸೂರಿಗೂ ಕೆನೆಬಿಳಿಯೇ ಇರಲಿ. ಬಿಸಿಲು ನೇರವಾಗಿ ಬೀಳುವ ಹೊರಗೋಡೆಗೆ ಈ ಬಣ್ಣ ಬೇಡ, ಅದು ಬಿಸಿಯನ್ನು ಹೀರುತ್ತದೆ.

ಹಳೆಯ ಗೋಡೆಯನ್ನು ಒಣ ಅಂಗೈಯಿಂದ ಉಜ್ಜಿ ನೋಡಿ. ಕೈಗೆ ಬಿಳಿ ಅಂಟಿದರೆ ಸುಣ್ಣದ ಪದರ ಸಡಿಲವಾಗಿದೆ ಎಂದು ತಿಳಿದು, ಅದನ್ನು ಗಟ್ಟಿ ಗಿಲಾವು ಸಿಗುವವರೆಗೆ ಕೆರೆದು ತೆಗೆಯಬೇಕು; ಇಲ್ಲದಿದ್ದರೆ ಎಮಲ್ಷನ್, ಅಂದರೆ ನೀರು ಬೆರೆಸಿ ಬಳಿಯುವ ಗೋಡೆಬಣ್ಣ, ಸುಣ್ಣದ ಸಮೇತ ಹಕ್ಕಳೆಯಾಗಿ ಏಳುತ್ತದೆ. ಗೋಡೆಯ ಬುಡದಲ್ಲಿ ಉಪ್ಪು ಎದ್ದಿದ್ದರೆ ಮೊದಲು ತೇವದ ಮೂಲವನ್ನು ನಿಲ್ಲಿಸಿ, ಗೋಡೆ ಒಣಗಿದ ಮೇಲೆ ಒಣ ಬ್ರಷ್‌ನಿಂದ ಉಜ್ಜಿ ಉದುರಿಸಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ. ಹೊಸ ಗಿಲಾವಿಗೆ ಕನಿಷ್ಠ 28 ದಿನ ಬಿಡುವು ಕೊಡಬೇಕು. ಅನಂತರ ಗೋಡೆಯನ್ನು ಸಮಮಾಡುವ ಪುಟ್ಟಿಯನ್ನು ಎರಡು ಕೋಟ್ ಹಚ್ಚಿ, 180 ಮತ್ತು 320 ನಂಬರಿನ ಪಾಲಿಶ್ ಕಾಗದದಿಂದ ಉಜ್ಜಿಸಿ. ರಾತ್ರಿ ದೀಪವಾರಿಸಿ ಬ್ಯಾಟರಿಯನ್ನು ಗೋಡೆಗೆ ತಾಗಿಸಿ ಹಿಡಿದರೆ ತಗ್ಗುದಿಣ್ಣೆಗಳೆಲ್ಲ ನೆರಳಾಗಿ ತೋರುತ್ತವೆ. ಬಣ್ಣಕ್ಕೆ ಮೊದಲು ಬಳಿಯುವ ಅಡಿಪದರವಾದ ಪ್ರೈಮರ್ ಬಿಳಿಯದಾಗಬಾರದು, ಬೂದುಬಣ್ಣ ಬೆರೆಸಿದ್ದೇ ಬೇಕು. ಬಿಳಿಯ ಮೇಲಾದರೆ ಇನ್ನೊಂದು ಕೋಟ್ ಹೆಚ್ಚಿಗೆ ಬೇಕಾಗುತ್ತದೆ.

ಖರ್ಚು ಉಳಿಸಲೆಂದು ಬಿಳಿ ಎಮಲ್ಷನ್‌ಗೆ ನೀಲಿ ಸ್ಟೇನರ್‌ನ, ಅಂದರೆ ಬಣ್ಣಕ್ಕೆ ಛಾಯೆ ಕೊಡುವ ದ್ರವದ, ಶೀಶೆಗಳನ್ನು ಸುರಿಯುವವರಿದ್ದಾರೆ. ನಮ್ಮ ಹಿರಿಯರು ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸುತ್ತಿದ್ದರು. ಅಲ್ಟ್ರಾಮರೀನ್ ಎಂಬ ಆ ಪುಡಿ ಸುಣ್ಣದ ಕ್ಷಾರವನ್ನು ತಾಳಿಕೊಳ್ಳುತ್ತದೆ, ಆದರೆ ಸುಣ್ಣವೇ ಬಿಳಿಯಾದ್ದರಿಂದ ಬರುವುದು ತಿಳಿನೀಲಿ ಮಾತ್ರ. ಸ್ಟೇನರ್‌ನ ಕಥೆಯೂ ಅದೇ. ಮಿತಿಮೀರಿ ಹಾಕಿದರೆ ಬಣ್ಣ ಸರಿಯಾಗಿ ಗಟ್ಟಿಯಾಗದೆ ಒರಗಿದವರ ಅಂಗಿಗೆ ಅಂಟುತ್ತದೆ. ಅಂಗಡಿಯ ಯಂತ್ರದಲ್ಲಿ ಡೀಪ್ ಬೇಸ್‌ಗೆ, ಅಂದರೆ ಬಿಳಿಪುಡಿ ಕಡಿಮೆಯಿರುವ ಮೂಲಬಣ್ಣಕ್ಕೆ, ನೀಲಿ ಬೆರೆಸಿದ ಡಬ್ಬಿಯನ್ನೇ ಕೊಳ್ಳಿ. 12 ಅಡಿ ಉದ್ದ, 10 ಅಡಿ ಎತ್ತರದ ಗೋಡೆಗೆ ಮೂರು ಕೋಟ್ ಎಂದರೆ 360 ಚದರ ಅಡಿ. 4 ಲೀಟರ್ ತನ್ನಿ. ಡಬ್ಬಿಗಳು ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ ದೊಡ್ಡ ಬಕೆಟ್ಟಿನಲ್ಲಿ ಕೂಡಿಸಿ ಕಲಸಿ, ಏಕೆಂದರೆ ಡಬ್ಬಿಯಿಂದ ಡಬ್ಬಿಗೆ ಛಾಯೆ ಕೊಂಚ ಬೇರೆಯಾಗಬಹುದು. ಮ್ಯಾಟ್ ಬಗೆಯನ್ನೇ ಆರಿಸಿರಿ. ಹೊಳಪಿನ ನೀಲಿ ಗೋಡೆಯ ಅಂಕುಡೊಂಕನ್ನೆಲ್ಲ ತೋರಿಸುತ್ತದೆ.

ಕೆಲಸ ಕೆಡುವುದು ಬಳಿಯುವ ಹೊತ್ತಿನಲ್ಲಿ. ನಮ್ಮ ಕಡೆಯ ಒಣಬಿಸಿಲಿನಲ್ಲಿ ಬಣ್ಣ ಕೆಲವೇ ನಿಮಿಷಗಳಲ್ಲಿ ಬಿಗಿಯುತ್ತದೆ, ಮತ್ತು ಬಿಗಿದ ಅಂಚಿನ ಮೇಲೆ ಹಸಿ ಬಣ್ಣ ಏರಿದ ಕಡೆಯಲ್ಲೆಲ್ಲ ಎರಡು ಪದರ ಕೂಡಿ ಗಾಢವಾದ ಪಟ್ಟೆ ಮೂಡುತ್ತದೆ. ಆದ್ದರಿಂದ ಬೆಳಗಿನ ತಂಪಿನಲ್ಲಿ, ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ ಇಬ್ಬರು ಕೂಡಿ ಕೆಲಸ ಮಾಡಬೇಕು. ಒಬ್ಬರು ಬ್ರಷ್‌ನಿಂದ ಮೂಲೆ ಮತ್ತು ಸೂರಿನ ಅಂಚನ್ನು ಮೂರು ಅಂಗುಲ ಅಗಲದಲ್ಲಿ, ಒಮ್ಮೆಗೆ ಮೂರು ಅಡಿಯಷ್ಟೇ ಎಳೆಯಲಿ. ಆ ಅಂಚು ಹಸಿಯಿರುವಾಗಲೇ ಇನ್ನೊಬ್ಬರು ರೋಲರ್ ಹಿಡಿದು ಎರಡು ಅಡಿ ಅಗಲದ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ತುಂಬಿ, ಮುಂದಿನ ಪಟ್ಟಿಯನ್ನು ಹಿಂದಿನದರ ಹಸಿ ಅಂಚಿನ ಮೇಲೆಯೇ ಆರಂಭಿಸಲಿ. ಪ್ರತಿ ಪಟ್ಟಿ ಮುಗಿದೊಡನೆ ರೋಲರನ್ನು ಒತ್ತದೆ, ಸೂರಿನಿಂದ ನೆಲದ ಕಡೆಗೆ ಒಂದೇ ದಿಕ್ಕಿನಲ್ಲಿ ಒಮ್ಮೆ ಹಗುರವಾಗಿ ಎಳೆಯಬೇಕು. ಅರೆ ಒಣಗಿದ ಜಾಗಕ್ಕೆ ಮರಳಿ ಕೈ ಹಾಕಬಾರದು, ಬಿಟ್ಟುಹೋದ ಚುಕ್ಕೆ ಕಂಡರೂ ಅದನ್ನು ಮುಂದಿನ ಕೋಟ್‌ಗೆ ಬಿಡಿ. ಗೋಡೆಯ ನಡುವೆ ಚಹಾಕ್ಕೂ ನಿಲ್ಲಬಾರದು. ಅಗ್ಗದ ಸ್ಪಂಜಿನ ರೋಲರ್ ಗುಳ್ಳೆ ಎಬ್ಬಿಸುತ್ತದೆ. ಗಿಡ್ಡ ನೂಲಿನ ಒಂಬತ್ತು ಅಂಗುಲದ ರೋಲರ್ ಒಳ್ಳೆಯದು. ನೀರನ್ನು ಡಬ್ಬಿಯ ಮೇಲೆ ಬರೆದಷ್ಟೇ ಬೆರೆಸಿ.

ದಿನಕ್ಕೊಂದು ಕೋಟ್‌ನಂತೆ ಮೂರು ದಿನ ಬಳಿಯಿರಿ. ಅಂಚಿಗೆ ಅಂಟಿಸಿದ ಟೇಪನ್ನು ಕೊನೆಯ ಕೋಟ್ ಹಸಿಯಿರುವಾಗಲೇ ಕಿತ್ತುಬಿಡಿ, ಬಿಸಿಲುಗಾಲದಲ್ಲಿ ಬಿಟ್ಟರೆ ಅದರ ಅಂಟು ಗೋಡೆಯಲ್ಲಿ ಉಳಿಯುತ್ತದೆ. ಆಮೇಲೆ ಪಟ್ಟೆ ಕಂಡರೆ ಅಷ್ಟೇ ಜಾಗಕ್ಕೆ ತೇಪೆ ಹಚ್ಚದೆ, ಮೂಲೆಯಿಂದ ಮೂಲೆಗೆ ಇಡೀ ಗೋಡೆಗೆ ಇನ್ನೊಂದು ಕೋಟ್ ಕೊಡಿ. ಎರಡು ವಾರ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಮತ್ತು ಕುರ್ಚಿಯ ಬೆನ್ನು ಗೋಡೆಗೆ ಉಜ್ಜದಂತೆ ನಾಲ್ಕು ಅಂಗುಲ ಮುಂದಕ್ಕಿಡಿ.