ಕೈಪುಳಿ ಎಲೆ ಹುಳುವಿಗೆ ಬಿಡಿ

ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ಮನೆ. ಮದುವೆಯಾಗಿ ಬಂದ ಹೊಸತರಲ್ಲಿ ಮಳೆಗಾಲ ಮುಗಿದು ಬಿಸಿಲು ಬಿತ್ತೆಂದರೆ ಅಂಗಳ ದಾಟುವಾಗ ಮುಖಕ್ಕೇ ಚಿಟ್ಟೆ ಬಡಿಯುತ್ತಿದ್ದವು. ಈಗ ಬೆರಳಲ್ಲಿ ಎಣಿಸಬಹುದು. ಆರು ವರ್ಷದ ಹಿಂದೆ ಬೇಜಾರಾಗಿ ಅಂಗಳದ ಸುತ್ತ ಜೀನಿಯಾ, ಪೆಂಟಾಸ್ ನೆಟ್ಟೆ. ಚಿಟ್ಟೆ ಬಂದವು, ಮಕರಂದ ಕುಡಿದವು, ಹೋದವು. ಮೊಟ್ಟೆ ಇಡಲು ನಮ್ಮಲ್ಲಿ ಅವಕ್ಕೆ ಬೇಕಾದ ಎಲೆಯೇ ಇರಲಿಲ್ಲ.

ಇದ್ದ ಒಂದು ಗಿಡವನ್ನೂ ನಾನೇ ಕೆಡಿಸಿದೆ. ಕುಂಡದ ಕೈಪುಳಿ (ಕಹಿ ಕಿತ್ತಳೆ) ಸಸಿಯ ಚಿಗುರಿನ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಬಿದ್ದಿತ್ತು. ಮಾರನೆಯ ದಿನ ನೋಡಿದರೆ ಅದು ಪಕ್ಕದ ಎಲೆಯಲ್ಲಿದೆ! ಹುಳು ಎಂದು ಗೊತ್ತಾದದ್ದೇ ತಡ, ತೋಟಕ್ಕೆ ತಂದಿದ್ದ ಔಷಧಿ ಹೊಡೆದೆ. ಸಂಜೆಗೆ ಹನ್ನೊಂದು ಹುಳು ಮಣ್ಣಿನಲ್ಲಿ ಸುರುಟಿ ಬಿದ್ದಿದ್ದವು. ಎಲ್ಲವೂ ನಿಂಬೆ ಚಿಟ್ಟೆಯ ಮರಿಗಳು. ಆ ಹನ್ನೊಂದರ ಲೆಕ್ಕ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಹಾಗಾಗಿ ಮೊದಲ ಕೆಲಸ, ಕೈಪುಳಿ, ನಿಂಬೆ, ಕಿತ್ತಳೆ, ಕರಿಬೇವು, ಇವುಗಳಲ್ಲಿ ಯಾವುದಾದರೂ ಎರಡು ಮೂರು ಗಿಡ ಬೆಳಗಿನ ಬಿಸಿಲು ಬೀಳುವ ಕಡೆ ನೆಡಿ. ನಿಂಬೆ ಚಿಟ್ಟೆಯೂ ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯೂ ಇವುಗಳ ಎಲೆಯಲ್ಲೇ ಬೆಳೆಯುತ್ತವೆ. ಕಾಫಿ ತೋಟದ ದಟ್ಟ ನೆರಳಲ್ಲಿ ಇಟ್ಟರೆ ಅಷ್ಟಾಗಿ ಪ್ರಯೋಜನವಿಲ್ಲ, ಚಿಟ್ಟೆಗೆ ಹಾರಲು ಮೈ ಬಿಸಿಯಾಗಬೇಕು.

ಆಮೇಲೆ ಸುಮ್ಮನೆ ನೋಡಿ. ಹೆಣ್ಣು ಚಿಟ್ಟೆ ರೆಕ್ಕೆ ಬಡಿಯುತ್ತಲೇ ಕಾಲಿನಿಂದ ಎಲೆ ಮುಟ್ಟಿ ಪರೀಕ್ಷಿಸುತ್ತದೆ, ಸರಿಯೆನಿಸಿದರೆ ಹೊಟ್ಟೆಯ ತುದಿ ಬಗ್ಗಿಸಿ ಚಿಗುರಿಗೆ ಸಾಸಿವೆ ಗಾತ್ರದ ಒಂದೇ ಒಂದು ಮೊಟ್ಟೆ ಅಂಟಿಸಿ ಹೋಗುತ್ತದೆ. ಹಿಕ್ಕೆಯಂತಿದ್ದ ಮರಿ ಪೊರೆ ಕಳಚುತ್ತಾ ಕೊನೆಗೆ ಎಲೆಯದೇ ಹಸಿರಾಗುತ್ತದೆ. ಮೆಲ್ಲನೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಬಂದು ಗಾಟು ವಾಸನೆ ಬರುತ್ತದೆ. ಹೆದರಬೇಡಿ, ಕಚ್ಚುವುದಿಲ್ಲ, ತುರಿಸುವುದೂ ಇಲ್ಲ. ಕೋಶವಾಗುವಾಗ ಮೈಸುತ್ತ ಒಂದು ನೂಲು ಬಿಗಿದುಕೊಂಡು ಕಡ್ಡಿಗೆ ಒರಗುತ್ತದೆ, ಮರ ಹತ್ತಿ ಕೊಂಬೆ ಕಪಾತು ಮಾಡುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಹಾಗೆ.

ಕಿತ್ತಳೆ ನರ್ಸರಿ ಇರುವವರಿಗೆ ಈ ಹುಳು ನಿಜಕ್ಕೂ ತೊಂದರೆ. ಚಿಕ್ಕ ಸಸಿಯನ್ನು ಎರಡು ದಿನದಲ್ಲಿ ಬೋಳು ಮಾಡಬಲ್ಲದು. ಆಗಲೂ ಔಷಧಿ ಬೇಡ. ಹುಳು ಕೂತ ಎಲೆಯನ್ನೇ ಕತ್ತರಿಸಿ ಹಳೆಯ ಕೈಪುಳಿ ಮರದ ಕೊಂಬೆಗೆ ಸಿಕ್ಕಿಸಿ. ದೊಡ್ಡ ಮರಕ್ಕೆ ಅದು ಲೆಕ್ಕಕ್ಕಿಲ್ಲ. ಬೇವಿನೆಣ್ಣೆ ಸಾವಯವ ಎಂದು ನಂಬಿ ಸಿಂಪಡಿಸಬೇಡಿ, ಅದೂ ಮರಿಗಳನ್ನು ಕೊಲ್ಲುತ್ತದೆ.

ಜಾಗವಿದ್ದರೆ ಇನ್ನಷ್ಟು ಸೇರಿಸಿ. ಸೀತಾಫಲಕ್ಕೆ ಟೇಲ್ಡ್ ಜೇ ಚಿಟ್ಟೆ ಬರುತ್ತದೆ, ಶುಂಠಿ ಅರಿಶಿನಕ್ಕೆ ಗ್ರಾಸ್ ಡೆಮನ್, ಕಣಗಿಲೆಗೆ ಕಾಮನ್ ಕ್ರೋ. ಕುಶಾಲನಗರದ ಕಡೆಯ ಒಣ ಜಾಗದವರು ಎಕ್ಕದ ಗಿಡ ಕೀಳದೆ ಬಿಟ್ಟರೆ ಪ್ಲೇನ್ ಟೈಗರ್ ತಾನಾಗಿ ಬರುತ್ತದೆ. ಬರೆಯ (ದಿಣ್ಣೆಯ ಇಳಿಜಾರಿನ) ಮೇಲಿನ ತಗಚೆ ಗಿಡವನ್ನೂ ಉಳಿಸಿ, ಪುಟ್ಟ ಹಳದಿ ಚಿಟ್ಟೆಗಳಿಗೆ ಅದೇ ಬೇಕು.

ನನಗೆ ಅತ್ಯಂತ ಪ್ರೀತಿಯದು ಈಶ್ವರಿ ಬಳ್ಳಿ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಈ ಬಳ್ಳಿಗೆ ಮತ್ತು ಇದರ ಹತ್ತಿರದ ನೆಂಟ ಗಿಡಗಳಿಗೆ ಮಾತ್ರ. ರೆಕ್ಕೆ ಬಿಚ್ಚಿದರೆ ೧೪ರಿಂದ ೧೯ ಸೆಂಟಿಮೀಟರ್, ಕಪ್ಪು ಮತ್ತು ಹೊಳೆಯುವ ಹಳದಿ. ಕಾಡಿನಿಂದ ಬೇರು ಸಮೇತ ಕಿತ್ತು ತರಬೇಡಿ, ಬೀಜದಿಂದ ಬೆಳೆಸಿ, ಹಬ್ಬಲು ಒಂದು ಮರ ಕೊಡಿ. ಮನೆಮದ್ದು ಎಂದು ಇದರ ಎಲೆ, ಬೇರು ತಿನ್ನುವವರಿದ್ದಾರೆ. ದಯವಿಟ್ಟು ಬೇಡ. ಇದರಲ್ಲಿರುವ ವಿಷ ಮೂತ್ರಪಿಂಡವನ್ನೇ ಹಾಳುಮಾಡುತ್ತದೆ. ಹುಳು ಮಾತ್ರ ಅದೇ ವಿಷವನ್ನು ಮೈಯಲ್ಲಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತದೆ.

ಹೂವಿನ ವಿಷಯಕ್ಕೆ ಬಂದರೆ ರಥಪುಷ್ಪ, ಕೆಂಪು ಕೇಪಳ, ಒಂಟಿ ಸುತ್ತಿನ ದಾಸವಾಳ ಸಾಕು. ಲಂಟಾನ ಹೂವಿಗೆ ಚಿಟ್ಟೆ ಮುತ್ತುವುದು ನಿಜ, ಆದರೂ ನೆಡಬೇಡಿ. ನಾಗರಹೊಳೆಯ ಕಾಡನ್ನು ಅದು ಹೇಗೆ ಮುಚ್ಚಿದೆ ಎಂದು ನೋಡಿದವರಿಗೆ ಹೇಳಬೇಕಿಲ್ಲ.

ಫೆಬ್ರವರಿಯಿಂದ ಮಾರ್ಚ್‌ವರೆಗೆ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ತನಕ, ಒಂದು ಹಳೆಯ ತಟ್ಟೆಯಲ್ಲಿ ಕೆಂಪು ಮಣ್ಣು, ಮರಳು ಹಾಕಿ ಚಿಟಿಕೆ ಉಪ್ಪು ಸೇರಿಸಿ ಒದ್ದೆಯಾಗಿಡಿ. ಗಂಡು ಚಿಟ್ಟೆಗಳು ಲವಣ ಹೀರಲು ಬಂದು ಕೂರುತ್ತವೆ.

ಕಳೆನಾಶಕವನ್ನು ನಮ್ಮ ಮನೆಯ ಸುತ್ತ ಪೂರ್ತಿ ಬಿಟ್ಟೆವು. ಬರಿಯ ಹುಲ್ಲಿನಲ್ಲೂ ಕಂದು ಚಿಟ್ಟೆಗಳ ಮರಿ ಇರುತ್ತವೆ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡವರ ಹಬ್ಬ ಕೈಲ್ ಮುಹೂರ್ತಕ್ಕೆ ಮೊದಲು ಕಳೆ ಕಾಡು ಕಡಿಸುವಾಗ ಅರ್ಧ ಭಾಗ ಮಾತ್ರ ಕಡಿಸಿ, ಉಳಿದದ್ದನ್ನು ತಿಂಗಳು ಬಿಟ್ಟು ನೋಡಿಕೊಳ್ಳಿ. ಕತ್ತಿ ಹಿಡಿಯುವ ಮೊದಲು ಕಡ್ಡಿಗಳ ಅಡಿಭಾಗದಲ್ಲಿ ಒಮ್ಮೆ ಬೆರಳಾಡಿಸಿ. ಒಣಗಿದ ಎಲೆಯ ಚೂರಿನಂತೆ ನೂಲಿಗೆ ಒರಗಿದ್ದು ಏನಾದರೂ ಸಿಕ್ಕರೆ ಆ ಗಿಡವನ್ನು ಹಾಗೇ ಬಿಟ್ಟು ಮುಂದೆ ಹೋಗಿ.