ಹನ್ನೊಂದು ನಿಮಿಷ ಹಿಂದಿದ್ದ ಗಡಿಯಾರ

2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ, ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಇಳಿಯುವುದನ್ನು ತೋರಿಸಲೆಂದು ನೆರೆಹೊರೆಯ ಮಕ್ಕಳನ್ನು ಪಾಂಡವಪುರ ತಾಲ್ಲೂಕಿನ ನಮ್ಮ ಮನೆಗೆ ಕರೆಸಿಕೊಂಡಿದ್ದೆ. ಚಂದ್ರನ ನೆಲದಿಂದ 2.1 ಕಿಲೋಮೀಟರ್ ಎತ್ತರದವರೆಗೂ ಎಲ್ಲವೂ ಅಂದುಕೊಂಡಂತೆಯೇ ಇದ್ದು, ಆಮೇಲೆ ಸಂಪರ್ಕ ಕಡಿದುಹೋಯಿತು. ಏನಾಯಿತೆಂದು ಮಕ್ಕಳು ಕೇಳಿದರು. ಲ್ಯಾಂಡರ್ ಇಳಿಯುವ ಹಾದಿಯನ್ನು ತೋರಿಸುವ ಪರದೆಯ ಮೇಲಿನ ಗೆರೆ ಏನನ್ನು ಹೇಳುತ್ತದೆಂಬುದನ್ನು ನಾನು ಮೊದಲೇ ವಿವರಿಸಿರಲಿಲ್ಲವಾದ್ದರಿಂದ, ಆ ಹೊತ್ತಿನಲ್ಲಿ ಹೇಳಿದ್ದು ಯಾವುದೂ ಅವರಿಗೆ ತಲುಪಲಿಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಅದು ಬಹಳ ದಿನ ಕೊರೆಯುತ್ತಿತ್ತು.

ಆದ್ದರಿಂದ ಅಮೆರಿಕದ ನಾಸಾ ಕಳುಹಿಸಿದ್ದ, ಗಾಲಿಗಳ ಮೇಲೆ ಓಡಾಡುವ ಪರ್ಸಿವಿಯರೆನ್ಸ್ ರೋವರ್ ಮಂಗಳದಲ್ಲಿ ಇಳಿಯುವುದು ನಮ್ಮ ಲೆಕ್ಕಕ್ಕೆ 2021ರ ಫೆಬ್ರವರಿ 19ರ ಬೆಳಗಿನ ಜಾವ 2 ಗಂಟೆ 25 ನಿಮಿಷಕ್ಕೆ ತಿಳಿಯಲಿದೆ ಎಂದು ಗೊತ್ತಾದಾಗ, ಒಂದು ವಾರ ಮೊದಲೇ ಸಿದ್ಧತೆಗೆ ತೊಡಗಿದೆ. ಬರಲು ಒಪ್ಪಿದವರು ನಾಲ್ವರು ಮಕ್ಕಳು.

ಎಲ್ಲಕ್ಕಿಂತ ಕಷ್ಟವಾದದ್ದು ಸಮಯದ ವಿಷಯವನ್ನು ಮನದಟ್ಟು ಮಾಡಿಸುವುದು. ಅಂದು ಮಂಗಳ ನಮ್ಮಿಂದ ಸುಮಾರು 20 ಕೋಟಿ ಕಿಲೋಮೀಟರ್ ದೂರದಲ್ಲಿತ್ತು; ಅಲ್ಲಿಂದ ಹೊರಟ ರೇಡಿಯೊ ಸಂಕೇತ ಇಲ್ಲಿಗೆ ಮುಟ್ಟಲು 11 ನಿಮಿಷ 22 ಸೆಕೆಂಡು ಬೇಕಿತ್ತು. ಮಂಗಳದ ವಾತಾವರಣವನ್ನು ಹೊಕ್ಕು ನೆಲ ಮುಟ್ಟುವವರೆಗಿನ ಇಡೀ ಇಳಿತಕ್ಕೆ ಹಿಡಿಯುವುದು ಏಳೇ ನಿಮಿಷ. ಅಂದರೆ ನೌಕೆ ವಾತಾವರಣ ಹೊಕ್ಕಿತೆಂಬ ಸುದ್ದಿ ನಮಗೆ ಬರುವ ಹೊತ್ತಿಗೆ ಅದು ನೆಲ ಮುಟ್ಟಿ, ಇಲ್ಲವೇ ಅಪ್ಪಳಿಸಿ, ನಾಲ್ಕು ನಿಮಿಷ ಕಳೆದಿರುತ್ತದೆ. ಭೂಮಿಯಿಂದ ಯಾರೂ ಅದನ್ನು ಹಿಡಿದು ಇಳಿಸುವಂತಿಲ್ಲ. ಕಲಿಸಿದ್ದೆಲ್ಲವನ್ನೂ ನೆನಪಿಟ್ಟುಕೊಂಡು ಅದು ತಾನೇ ಇಳಿಯಬೇಕು. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಸಾಲದೆನಿಸಿ, ಎರಡು ಗೋಡೆ ಗಡಿಯಾರಗಳನ್ನು ಅಕ್ಕಪಕ್ಕ ನೇತುಹಾಕಿದೆ. ಒಂದು ನಮ್ಮ ಸಮಯ ತೋರಿಸುತ್ತಿತ್ತು. ಇನ್ನೊಂದನ್ನು 11 ನಿಮಿಷ 22 ಸೆಕೆಂಡು ಹಿಂದಕ್ಕೆ ಇಟ್ಟಿದ್ದೆ. ನಾವು ಈಗ ನೋಡುತ್ತಿರುವುದು ಅಲ್ಲಿ ಯಾವ ಗಳಿಗೆಯಲ್ಲಿ ನಡೆದದ್ದು ಎಂಬುದನ್ನು ಅದು ತೋರಿಸುತ್ತಿತ್ತು.

ಎರಡನೆಯ ಪ್ರಶ್ನೆ, ಕೊನೆಯ ಹಂತದಲ್ಲಿ ರೋವರ್ ಅನ್ನು ಇಳಿಬಿಡುವ ಹಗ್ಗದ್ದು. ಪ್ಯಾರಾಚೂಟ್ ಇರುವಾಗ ಮತ್ತೇಕೆ ಹಗ್ಗ ಕಟ್ಟಿ ಇಳಿಸಬೇಕು ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಮಂಗಳದ ಗಾಳಿಯ ಒತ್ತಡ ನಮ್ಮಲ್ಲಿರುವುದರ ನೂರರಲ್ಲಿ ಒಂದು ಪಾಲೂ ಇಲ್ಲ. ಗಂಟೆಗೆ ಸುಮಾರು 19,500 ಕಿಲೋಮೀಟರ್ ವೇಗದಲ್ಲಿ ಬರುವ ನೌಕೆಯನ್ನು ಮೊದಲು ಶಾಖಕವಚ, ಬಳಿಕ 21.5 ಮೀಟರ್ ಅಗಲದ ಪ್ಯಾರಾಚೂಟ್ ತಡೆದರೂ, ವೇಗ ಗಂಟೆಗೆ 320 ಕಿಲೋಮೀಟರ್ ಆಸುಪಾಸಿನಲ್ಲೇ ಉಳಿಯುತ್ತದೆ. ಉಳಿದದ್ದನ್ನು ರಾಕೆಟ್ ಎಂಜಿನ್‌ಗಳೇ ತಗ್ಗಿಸಬೇಕು. ಅವು ನೆಲದ ಹತ್ತಿರಕ್ಕೆ ಬಂದರೆ ದೂಳು, ಕಲ್ಲು ಎದ್ದು ರೋವರ್‌ಗೆ ಬಡಿಯುತ್ತವೆ. ಅದಕ್ಕಾಗಿ ಎಂಜಿನ್‌ಗಳಿರುವ ಭಾಗವನ್ನು ಮೇಲೆಯೇ ಉಳಿಸಿಕೊಂಡು, 1,025 ಕಿಲೋ ತೂಕದ ರೋವರ್ ಅನ್ನು ಸುಮಾರು 6.4 ಮೀಟರ್ ಕೆಳಕ್ಕೆ ಹಗ್ಗಗಳಲ್ಲಿ ಇಳಿಬಿಡುತ್ತಾರೆ.

ಇದನ್ನು ತೋರಿಸಲು ಮರಳು ತುಂಬಿದ ಎಣ್ಣೆ ಡಬ್ಬವೊಂದನ್ನು ಮಹಡಿಯಿಂದ ಅಂಗಳಕ್ಕೆ ಬಿಟ್ಟೆವು. ಒಂದೇ ಹಗ್ಗ ಕಟ್ಟಿದಾಗ ಡಬ್ಬ ಗಿರ್ರೆಂದು ತಿರುಗಿ, ಓರೆಯಾಗಿ, ಅಂಚು ತಾಗಿ ಮಗುಚಿಕೊಂಡಿತು. ಅಂಚಿಗೆ ಮೂರು ತೂತು ಕೊರೆದು ಮೂರು ನೈಲಾನ್ ಹಗ್ಗ ಕಟ್ಟಿದ ಮೇಲೆ ತಳವೂರಿ ನೆಟ್ಟಗೆ ಕೂತಿತು. ನೆಲ ತಾಗಿದ ಕೂಡಲೇ ಹಗ್ಗಗಳು ಸಡಿಲಗೊಂಡದ್ದನ್ನು ಗಮನಿಸಿದವಳು ಆ ಹುಡುಗಿಯೇ. ಅಲ್ಲಿಯೂ ನೆಲ ಮುಟ್ಟಿದ್ದು ತಿಳಿಯುವುದು ಹೀಗೆ ಮೇಲಿನ ಭಾರ ಇಳಿದದ್ದರಿಂದಲೇ. ಆಗ ಹಗ್ಗ ಕತ್ತರಿಸಿಕೊಂಡು ಮೇಲಿನ ಭಾಗ ದೂರ ಹಾರಿಹೋಗಿ ಬೀಳುತ್ತದೆ.

18ರ ಸಂಜೆ ಏಳೂವರೆಗೆ ಎಲ್ಲರೂ ಮಹಡಿ ಹತ್ತಿದೆವು. ನೆತ್ತಿಯಿಂದ ಸ್ವಲ್ಪ ಪಡುವಣಕ್ಕೆ ಅರ್ಧಚಂದ್ರ, ಅದರ ಹತ್ತಿರವೇ ಕೆಂಚಗೆ ಮಂಗಳ, ಆಚೆ ಕೃತ್ತಿಕೆಯ ಗೊಂಚಲು. ಇಳಿಯುವ ಹೊತ್ತಿಗೆ ಮಂಗಳ ನಮ್ಮ ಪಾಲಿಗೆ ಮುಳುಗಿರುತ್ತದೆ, ಮಧ್ಯರಾತ್ರಿ ದಾಟಿದರೆ ಕಾಣುವುದಿಲ್ಲ. ಆದ್ದರಿಂದಲೇ ಮೊದಲು ಅದನ್ನು ಕಣ್ಣಾರೆ ತೋರಿಸಬೇಕೆಂದು ಹಟ ಹಿಡಿದಿದ್ದೆ.

ಒಂದೂಮುಕ್ಕಾಲಿಗೆ ಕರೆಂಟು ಹೋಯಿತು. ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟಿದ್ದರಿಂದ ಮೊಬೈಲಿನ ಹಾಟ್‌ಸ್ಪಾಟ್‌ನಲ್ಲಿ ಮುಂದುವರಿಸಿದೆವು. ಇಂಥದ್ದನ್ನು ತೋರಿಸುವವರು ಒಂದೇ ಪರದೆ ಇಟ್ಟುಕೊಳ್ಳುವುದು ಒಳ್ಳೆಯದು. ಅಂತರ್ಜಾಲದ ನೇರಪ್ರಸಾರ ಒಂದೊಂದು ಸಾಧನದಲ್ಲಿ ಅರ್ಧ ನಿಮಿಷದಷ್ಟು ಹಿಂದುಮುಂದಾಗುತ್ತದೆ.

2:08ಕ್ಕೆ, ನೌಕೆಯನ್ನು ಭೂಮಿಯಿಂದ ಅಷ್ಟು ದೂರ ಹೊತ್ತು ತಂದಿದ್ದ ಭಾಗ ಕಳಚಿಕೊಂಡ ಸುದ್ದಿ ಬಂತು. ಮೊದಲ ಗಡಿಯಾರ 2:14 ತೋರಿಸಿದಾಗ, ಅಲ್ಲಿ ಆಗಬೇಕಾದದ್ದು ಈಗ ಆಗಿಹೋಗಿದೆ ಎಂದೆ. ಪರದೆಯಲ್ಲಿ ನೌಕೆ ಇನ್ನೂ ವಾತಾವರಣವನ್ನೇ ಹೊಕ್ಕಿರಲಿಲ್ಲ. ಮಕ್ಕಳು ಎರಡು ಗಡಿಯಾರಗಳನ್ನೂ ಮತ್ತೆ ಮತ್ತೆ ನೋಡಿದರು. "ಸಾರ್, ಆಗ್ಲೇ ಇಳ್ದ್ಬುಟ್ಟೈತಾ?" ಎಂದು ಚಿಕ್ಕವನು ಪಿಸುಗುಟ್ಟಿದ. ಅವತ್ತಿನ ಕೆಲಸ ಸಾರ್ಥಕವಾಯಿತೆಂದು ನನಗೆ ಅನಿಸಿದ್ದು ಆ ಗಳಿಗೆಯಲ್ಲಿ.

2:18ಕ್ಕೆ ಪ್ರವೇಶ, 2:22ಕ್ಕೆ ಪ್ಯಾರಾಚೂಟ್. ನಿಯಂತ್ರಣ ಕೊಠಡಿಯಿಂದ ಒಂದೊಂದೇ ಹಂತವನ್ನು ಹೇಳುತ್ತಿದ್ದವರು ಬೆಂಗಳೂರಿನಲ್ಲಿ ಹುಟ್ಟಿದ ಸ್ವಾತಿ ಮೋಹನ್. ಅವರು ಒಂದು ಹಂತ ಹೇಳಿದಂತೆಲ್ಲ ಹುಡುಗಿ ಹಂತಗಳನ್ನು ಬರೆದಿಟ್ಟಿದ್ದ ಡ್ರಾಯಿಂಗ್ ಹಾಳೆಯಲ್ಲಿ ಗುರುತು ಹಾಕುತ್ತಿದ್ದಳು. ಇಳಿಯುತ್ತಲೇ ಕೆಳಗಿನ ನೆಲದ ಚಿತ್ರ ತೆಗೆದು, ತನ್ನಲ್ಲಿರುವ ನಕ್ಷೆಯೊಂದಿಗೆ ಹೋಲಿಸಿ ಬಂಡೆಗಳಿಲ್ಲದ ಜಾಗ ಆರಿಸಿಕೊಳ್ಳುವ ಹಂತ ಬಂದಾಗ ಯಾರೂ ಮಾತಾಡಲಿಲ್ಲ. 45 ಕಿಲೋಮೀಟರ್ ಅಗಲದ ಜೆಜೆರೊ ಕುಳಿಯಲ್ಲಿ ಒಂದು ಕಾಲಕ್ಕೆ ನದಿ ಬಂದು ಸೇರಿದ ಕೆರೆಯಿತ್ತು. ಕಡಿದಾದ ದಿಬ್ಬ, ಬಂಡೆಗಳಿರುವ ಅಂಥ ಜಾಗದಲ್ಲಿ ಇಳಿಯುವ ಧೈರ್ಯ ಬಂದದ್ದು ಈ ವಿದ್ಯೆಯಿಂದಲೇ.

2:25ಕ್ಕೆ ನೆಲ ಮುಟ್ಟಿದ ಸುದ್ದಿ ಬಂತು. ಮಕ್ಕಳ ಕೂಗಿಗೆ ಒಳಗೆ ಮಲಗಿದ್ದ ನಮ್ಮವ್ವ ಎದ್ದು ಬಂದರು. ಕೆಲವೇ ನಿಮಿಷಗಳಲ್ಲಿ ಮೊದಲ ಚಿತ್ರವೂ ಬಂತು. ದೂಳು ಮುಸುಕಿದ ಗಾಜಿನ ಆಚೆ ಮಂಗಳದ ನೆಲ, ಅದರ ಮೇಲೆ ರೋವರ್‌ನ ನೆರಳು.

2023ರ ಆಗಸ್ಟ್ 23ರಂದು ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಇಳಿದಾಗ ಶಾಲೆಯಲ್ಲೂ ಇದೇ ಕ್ರಮ ಅನುಸರಿಸಿದೆ. ಚಂದ್ರನಿಂದ ಸಂಕೇತ ಬರಲು ಒಂದೂಕಾಲು ಸೆಕೆಂಡು ಸಾಕಾದ್ದರಿಂದ ಎರಡನೆಯ ಗಡಿಯಾರ ಇಡಲಿಲ್ಲ. ಹಂತಗಳ ಹಾಳೆಯನ್ನು ಮಾತ್ರ ಅಂಟಿಸಿ, ವೇಗ ಮತ್ತು ಎತ್ತರದ ಅಂಕಿಗಳನ್ನು ಓದುವುದನ್ನು ಹಿಂದಿನ ದಿನವೇ ಕಲಿಸಿದ್ದೆ. ಈ ಸಲ ಗೆರೆ ಕೆಳಗಿಳಿಯುತ್ತಿದ್ದಾಗ ಏನಾಗುತ್ತಿದೆಯೆಂದು ಮಕ್ಕಳು ನನ್ನನ್ನು ಕೇಳಲಿಲ್ಲ. ಅವರೇ ಓದಿ ಹೇಳುತ್ತಿದ್ದರು.